ಎಲ್ಲರೂ ಐದಕ್ಕೆ ಐದು ಕೊಟ್ಟಿದ್ದಾರಾ? ಹಾಗಾದ್ರೆ ಫಾರ್ಮನ್ನೇ ಬಿಚ್ಚಿ ನೋಡಿ

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಕೈಗೆ ಐವತ್ತು ಚಿಲ್ಲರೆ ಫಾರ್ಮ್ ಬಂತು. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಮೂರ್ನಾಲ್ಕು ಊರಲ್ಲಿ ಮನೆಯವರೇ ತಮ್ಮ ಬಾವಿ, ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಕ್ಕೆ ಕೊರೆದದ್ದು) ನೀರು ಅಳೆದು ಪುಸ್ತಕದಲ್ಲಿ ಬರೆದಿಡುವ ಕೆಲಸ, ಅದರ ಜೊತೆಗೆ ಎರಡು ಶಾಲೆಯ ಮಕ್ಕಳು ಸೀಸನ್‌ವಾಚ್ ಅನ್ನುವ ಮರ ನೋಡುವ ಯೋಜನೆಯ ಹಾಗೆ ವಾರಕ್ಕೊಮ್ಮೆ ಅದೇ ಮರದ ಹತ್ತಿರ ಹೋಗಿ ಚಿಗುರು, ಹೂ, ಕಾಯಿ ನೋಡಿ ಗುರುತು ಹಾಕುವ ಕೆಲಸ, ಎರಡೂ ಮಳೆ ಶುರುವಾದಲ್ಲಿಂದ ನಡೆದಿತ್ತು. ಕೊನೆಗೆ ಇದ್ರಿಂದ ಭಾಗವಹಿಸಿದವರಿಗೆ ಎಂತಾದ್ರೂ ಆಯ್ತಾ ಅಂತ ತಿಳ್ಕೊಳ್ಳಿಕ್ಕೆ ಒಂದು ಪ್ರಶ್ನಾವಳಿ ಕೊಟ್ಟಿದ್ದೆವು. ಎಕ್ಸೆಲ್ಲಿಗೆ ಹಾಕಿ ನೋಡಿದ್ರೆ ಸರಾಸರಿ ಐದಕ್ಕೆ 4.8. ಎಲ್ಲರಿಗೂ ಖುಷಿ. ನನಗೆ ಮಾತ್ರ ಸಂಶಯ, ಯಾಕಂದ್ರೆ ಅದರಲ್ಲಿ ಹತ್ತು ಹದಿನೈದು ಜನ ಡಿಸೆಂಬರಿಗೇ ಅಳೆಯುವುದು ಬಿಟ್ಟವರು, ಪುಸ್ತಕ ಖಾಲಿ ಉಂಟು, ಆದ್ರೂ "ನಾನು ನಿಯಮಿತವಾಗಿ ಭಾಗವಹಿಸಿದ್ದೇನೆ" ಅನ್ನುವ ಸಾಲಿಗೆ ಅವರದ್ದೂ ಐದು.

ಆಮೇಲೆ ಒಂದು ವರ್ಷ ನಾವು ಮಾಡಿದ್ದು ಈ ಫಾರ್ಮಿನ ರಿಪೇರಿ. ಪಂಪ್‌ಸೆಟ್ ಹಾಳಾದ್ರೆ ಮೆಕ್ಯಾನಿಕ್ ಹೇಗೆ ಒಂದೊಂದೇ ನೋಡ್ತಾನೋ ಹಾಗೆ. ಇದೇ ಥರ ನಾಗರಿಕ ವಿಜ್ಞಾನ, ಅಂದ್ರೆ ಸಾಮಾನ್ಯ ಜನರೇ ನೋಡಿ ಅಳೆದು ದಾಖಲೆ ಮಾಡುವ ಕೆಲಸ, ಅಂತ ಹಕ್ಕಿ, ನೀರು, ಚಿಟ್ಟೆ ಎಂತಾದ್ರೂ ನಡೆಸುವವರಿಗೆ ಉಪಯೋಗ ಆಗ್ಬಹುದು ಅಂತ ಬರೀತಿದ್ದೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡ್ತೇನೆ: ಉತ್ತರ ವಿಚಿತ್ರ ಇದ್ರೆ ಜನ ಸುಳ್ಳು ಹೇಳಿದ್ರು ಅಂತ ಹೇಳುವ ಮೊದಲು ನಮ್ಮ ವಾಕ್ಯ, ನಾವು ಅದನ್ನು ಕೊಟ್ಟ ಹೊತ್ತು, ಕೊಟ್ಟ ಮನುಷ್ಯ ಈ ಮೂರನ್ನು ನೋಡ್ಬೇಕು. ನಮ್ಮಲ್ಲಂತೂ ದೋಷ ಹೆಚ್ಚಿನದ್ದು ಅಲ್ಲೇ ಸಿಕ್ಕಿತು.

ಬಿಚ್ಚುವ ಮೊದಲು

ಯಾವುದನ್ನು ಅಳೀತಿದ್ದೀರಿ ಅಂತ ಒಂದು ಸಲ ಬರೆದಿಡಿ. ಕೇರಳ ಬರ್ಡ್ ಅಟ್ಲಾಸ್ ಗೊತ್ತುಂಟಲ್ಲ, 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಜನ ಸ್ವಯಂಸೇವಕರು ಮಳೆಗಾಲ ಬೇಸಿಗೆ ಎರಡೂ ಹೊತ್ತಲ್ಲಿ ತಿರುಗಿ 361 ಜಾತಿಯ ಹಕ್ಕಿಗಳ ಸುಮಾರು ಮೂರು ಲಕ್ಷ ದಾಖಲೆ ಮಾಡಿದ್ದು. ಆ ಲೆಕ್ಕ ಹಕ್ಕಿಯ ಬಗ್ಗೆ ಹೇಳ್ತದೆ. ಆ ಸಾವಿರ ಜನರ ತಲೆಯಲ್ಲಿ, ಅಭ್ಯಾಸದಲ್ಲಿ ಎಂತ ಬದಲಾಯ್ತು ಅನ್ನುವುದು ಬೇರೆಯೇ ಪ್ರಶ್ನೆ, ಅದಕ್ಕೆ ಬೇರೆಯೇ ಅಳತೆಗೋಲು ಬೇಕು. ಅಮೆರಿಕದ ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯದವರು ಡಿವೈಸ್ ಅಂತ ಒಂದು ಯೋಜನೆಯಲ್ಲಿ ಇದಕ್ಕೇ ಪ್ರಶ್ನಾಗುಚ್ಛಗಳನ್ನು ತಯಾರು ಮಾಡಿದ್ದಾರೆ. ಆಸಕ್ತಿ, ನನ್ನಿಂದ ಆಗ್ತದೆ ಅನ್ನುವ ಧೈರ್ಯ, ಯಾಕೆ ಮಾಡ್ತೇನೆ ಅನ್ನುವ ಪ್ರೇರಣೆ, ವಿಜ್ಞಾನ ಹೇಗೆ ನಡೀತದೆ ಅನ್ನುವ ತಿಳುವಳಿಕೆ, ಕೌಶಲ, ಪರಿಸರದ ಬಗ್ಗೆ ನಡವಳಿಕೆ ಅಂತ ಬೇರೆ ಬೇರೆ ಮಾಡಿ ಇಟ್ಟಿದ್ದಾರೆ. ನಮ್ಮ ಹಳೇ ಫಾರ್ಮಲ್ಲಿ ಇದೆಲ್ಲ ಕಲಸಿ ಹೋಗಿ ಒಂದು ಸರಾಸರಿ ಆಗಿತ್ತು, ಸಾಂಬಾರಿಗೆ ಪಾಯಸ ಸೇರಿಸಿ ರುಚಿ ಹೇಗುಂಟು ಅಂತ ಕೇಳಿದ ಹಾಗೆ.

ಕೌಶಲವನ್ನಂತೂ ಕೇಳಿ ತಿಳ್ಕೊಳ್ಳುವ ಕೆಲಸಕ್ಕೇ ಹೋಗ್ಬೇಡಿ. "ನಿಮಗೆ ನೀರಿನ ಮಟ್ಟ ಅಳೆಯಲು ಬರುತ್ತದೆಯೇ" ಅಂತ ಕೇಳುವ ಬದಲು ಅವರ ಬಾವಿಗೆ ಅವರೂ ನೀವೂ ಬೇರೆ ಬೇರೆ ಹಗ್ಗ ಇಳಿಸಿ, ಎರಡು ಸಂಖ್ಯೆಯನ್ನು ಹೋಲಿಸಿ. ಹತ್ತು ನಿಮಿಷದ ಕೆಲಸ. ಒಂದು ಮನೆಯಲ್ಲಿ ಅಳತೆ ಯಾವಾಗಲೂ ಎರಡು ಅಡಿ ಹೆಚ್ಚು ಬರ್ತಿತ್ತು, ನೋಡಿದ್ರೆ ಅವರು ಕಟ್ಟೆಯ ಮೇಲಿಂದ ಅಳೀತಿದ್ರು, ಉಳಿದವರು ನೆಲದ ಮಟ್ಟದಿಂದ. ಯಾವ ಪ್ರಶ್ನಾವಳಿಯಲ್ಲೂ ಇದು ಸಿಗುವುದಿಲ್ಲ.

ಲಕ್ಷಣ: ಎಲ್ಲ ಐದು

ಮೊದಲು ಸರಾಸರಿ ಮುಚ್ಚಿಟ್ಟು ಎಷ್ಟು ಜನ ಯಾವ ಅಂಕ ಕೊಟ್ಟಿದ್ದಾರೆ ಅಂತ ಎಣಿಸಿ. ಒಂದು ಎರಡು ಮೂರು ಕೊಟ್ಟವರು ಯಾರೂ ಇಲ್ಲದಿದ್ರೆ ಆ ಪ್ರಶ್ನೆ ಕೆಲಸ ಮಾಡ್ತಾ ಇಲ್ಲ. ಶುರುವಿನ ಫಾರ್ಮ್ ಇದ್ರೆ ಅದನ್ನೂ ತೆಗೀರಿ. ಶುರುವಲ್ಲೇ ಸರಾಸರಿ ನಾಲ್ಕೂವರೆ ಇದ್ರೆ ಮೇಲೆ ಏರ್ಲಿಕ್ಕೆ ಜಾಗವೇ ಇಲ್ಲ, ಸೂರು ತಾಗಿದ ಹಾಗೆ. ಎಷ್ಟು ಒಳ್ಳೆ ಕಾರ್ಯಕ್ರಮ ಮಾಡಿದ್ರೂ ವ್ಯತ್ಯಾಸ ಕಾಣುವುದಿಲ್ಲ.

ಇನ್ನು ಕಾರಣ. ನಮ್ಮ ಫಾರ್ಮನ್ನು ಹಂಚಿದ್ದು ಯಾರು? ಶಾಲೆಯಲ್ಲಿ ಮರ ನೋಡ್ಲಿಕ್ಕೆ ಕರ್ಕೊಂಡು ಹೋದ ಟೀಚರೇ. ಮನೆಗಳಲ್ಲಿ ಹಗ್ಗ ಮತ್ತೆ ಪುಸ್ತಕ ತಂದು ಕೊಟ್ಟ ನಾವೇ. ಚಾ, ಅವಲಕ್ಕಿ ಆದ ಕೂಡ್ಲೇ. ಎದುರು ನಿಂತವನಿಗೆ "ನಿಮ್ಮ ಕಾರ್ಯಕ್ರಮ ಪ್ರಯೋಜನ ಇಲ್ಲ ಮಾರಾಯ್ರೆ" ಅಂತ ನಮ್ಮೂರಲ್ಲಿ ಯಾರು ಹೇಳ್ತಾರೆ? ಮರ್ಯಾದೆಯ ಜನ. ಅವರು ಅಂಕ ಕೊಟ್ಟದ್ದು ನಮಗೆ, ಕಾರ್ಯಕ್ರಮಕ್ಕಲ್ಲ.

ಎರಡನೇ ಕಾರಣ "ಒಪ್ಪುತ್ತೇನೆ, ಒಪ್ಪುವುದಿಲ್ಲ" ಅನ್ನುವ ಮೆಟ್ಟಿಲು. ರೆನ್ಸಿಸ್ ಲೈಕರ್ಟ್ 1932ರಲ್ಲಿ ಈ ಪದ್ಧತಿ ಹೇಳಿಕೊಟ್ಟದ್ದು, ಈಗ ಎಲ್ಲಿ ನೋಡಿದ್ರೂ ಅದೇ. ಅದರ ಹಳೇ ಕಾಯಿಲೆ ಎಂತಂದ್ರೆ ಓದ್ಲಿಕ್ಕೆ ಒಳ್ಳೇದಾಗಿ ಕಾಣುವ ಯಾವ ವಾಕ್ಯಕ್ಕೂ ಜನ ತಲೆ ಅಲ್ಲಾಡಿಸ್ತಾರೆ. "ನೀರನ್ನು ಮಿತವಾಗಿ ಬಳಸಬೇಕು ಎಂದು ನನಗೆ ಅರಿವಾಗಿದೆ" ಅಂತ ಬರೆದ್ರೆ ಒಪ್ಪದೆ ಇರುವವ ಯಾರು, ಹೇಳಿ.

ನಾವು ಮಾಡಿದ ರಿಪೇರಿ ಹೀಗೆ. ಒಪ್ಪಿಗೆಯ ಸಾಲುಗಳನ್ನು ತೆಗೆದು ನೇರ ಪ್ರಶ್ನೆ ಹಾಕಿದೆವು. "ನೀರಿನ ಬಗ್ಗೆ ನನ್ನ ಆಸಕ್ತಿ ಹೆಚ್ಚಿದೆ" ಅನ್ನುವುದರ ಬದಲು "ಕಳೆದ ಏಳು ದಿನಗಳಲ್ಲಿ ಬಾವಿಯ ನೀರಿನ ಬಗ್ಗೆ ನೆರೆಕರೆಯವರ ಹತ್ತಿರ ಎಷ್ಟು ಸಲ ಮಾತಾಡಿದ್ದೀರಿ: ಇಲ್ಲವೇ ಇಲ್ಲ, ಒಂದು ಸಲ, ಎರಡು ಮೂರು ಸಲ, ಅದಕ್ಕಿಂತ ಹೆಚ್ಚು". ಏಳು ದಿನ ಅಂತ ಗಡಿ ಹಾಕುವುದು ಮುಖ್ಯ, "ಇತ್ತೀಚೆಗೆ" ಅಂತ ಬರೆದ್ರೆ ಒಬ್ಬರಿಗೆ ನಿನ್ನೆ, ಇನ್ನೊಬ್ಬರಿಗೆ ಹೋದ ವಿಷು. ಹಂಚುವ ಕೆಲಸವನ್ನು ಪಕ್ಕದ ಊರಿನ, ಕಾರ್ಯಕ್ರಮಕ್ಕೆ ಸಂಬಂಧ ಇಲ್ಲದ ಒಬ್ಬ ಕಾಲೇಜು ಹುಡುಗಿಗೆ ಕೊಟ್ಟು, ಹೆಸರು ಬರೆಯದೆ ಮಡಚಿ ಡಬ್ಬಕ್ಕೆ ಹಾಕುವ ಹಾಗೆ ಮಾಡಿದೆವು. ಚಾ ಕೊಟ್ಟದ್ದು ಆಮೇಲೆ. ಅಂಕ ಕೂಡ್ಲೇ ಇಳಿಯಿತು, ನಮ್ಮಲ್ಲಿ ಒಬ್ಬರಿಗೆ ಬೇಸರವೂ ಆಯ್ತು, ಆದ್ರೆ ಯಾರಿಗೆ ಎಲ್ಲಿ ಕಷ್ಟ ಆಯ್ತು ಅಂತ ಮೊದಲ ಸಲ ಕಾಣ್ಲಿಕ್ಕೆ ಶುರುವಾಯ್ತು.

ಲಕ್ಷಣ: ಕಾರ್ಯಕ್ರಮದ ಮೊದಲಿಗಿಂತ ಆಮೇಲೆ ಅಂಕ ಕಮ್ಮಿ

ಇದು ಬಂದ್ರೆ ಹೆದರ್ಬೇಡಿ. ಕುಂಬಳೆ ಹತ್ತಿರ ಕಿದೂರು ಉಂಟಲ್ಲ, ಹಕ್ಕಿ ನೋಡುವವರೆಲ್ಲ ಹೋಗುವ ಜಾಗ. ಅಲ್ಲಿಗೆ ಹೋಗುವ ಮೊದಲು ಮಕ್ಕಳ ಹತ್ತಿರ "ನಿನ್ನ ಊರಿನ ಹಕ್ಕಿಗಳನ್ನು ಗುರುತಿಸಲು ನಿನಗೆ ಎಷ್ಟು ಬರುತ್ತದೆ" ಅಂತ ಕೇಳಿದಾಗ ಹೆಚ್ಚಿನವರು ನಾಲ್ಕು ಕೊಟ್ಟಿದ್ರು. ಗದ್ದೆಯಲ್ಲಿ ಬಿಳೀ ಇದ್ದದ್ದೆಲ್ಲ ಬೆಳ್ಳಕ್ಕಿ, ಅಲ್ಲಿಗೆ ಮುಗೀತು. ನಾಲ್ಕು ಸಲ ಹೋಗಿ ಬಂದ ಮೇಲೆ ಹಳದಿ ಕೊಕ್ಕಿನ ಗೋವಕ್ಕಿ ಬೇರೆ, ಕಪ್ಪು ಕೊಕ್ಕು ಹಳದಿ ಪಾದದ ಸಣ್ಣ ಬೆಳ್ಳಕ್ಕಿ ಬೇರೆ, ಉದ್ದ ಕುತ್ತಿಗೆಯ ದೊಡ್ಡದು ಬೇರೆ ಅಂತ ಗೊತ್ತಾಗಿ, ಅಯ್ಯೋ ನನಗೆ ಎಂತದೂ ಗೊತ್ತಿಲ್ಲ ಅಂತ ಮೂರು ಕೊಟ್ರು. ಕಲಿತದ್ದು ಹೆಚ್ಚಾಯ್ತು, ಅಂಕ ಇಳಿಯಿತು. ಅಳೆಯುವ ಕೋಲೇ ಮಧ್ಯದಲ್ಲಿ ಉದ್ದ ಆಗಿಹೋಗಿದೆ.

ಇದಕ್ಕೆ ಒಂದು ಮದ್ದು ಹಿನ್ನೋಟದ ಪ್ರಶ್ನೆ. ಕೊನೆಗೆ ಒಂದೇ ಹಾಳೆಯಲ್ಲಿ ಎರಡು ಸಾಲು: ಈಗ ನಿನಗೆ ಎಷ್ಟು ಬರ್ತದೆ, ಶುರುವಿಗೆ ಎಷ್ಟು ಬರ್ತಿತ್ತು ಅಂತ ಈಗ ನಿನಗೆ ಅನಿಸ್ತದೆ. ಇದರಲ್ಲೂ ಮೋಸ ಉಂಟು, ನಾನು ಮುಂದೆ ಬಂದಿದ್ದೇನೆ ಅಂತ ತೋರಿಸುವ ಆಸೆಗೆ ಹಳೇದನ್ನು ಇನ್ನಷ್ಟು ಇಳಿಸಿ ಬರೆಯುವವರಿದ್ದಾರೆ. ಹಾಗಾಗಿ ನಾವು ಪಕ್ಕದಲ್ಲಿ ಆರು ಫೋಟೋ ಇಟ್ಟು ಹೆಸರು ಹೇಳಿಸ್ತೇವೆ. ಎರಡೂ ಒಂದೇ ದಿಕ್ಕಿಗೆ ಹೋದ್ರೆ ನಂಬ್ತೇವೆ, ಇಲ್ಲದಿದ್ರೆ ಫೋಟೋದ್ದನ್ನು ನಂಬ್ತೇವೆ.

ಇನ್ನೆರಡು ತಪ್ಪು ಇಲ್ಲೇ ಅಡಗಿರ್ತದೆ. ಒಂದು ಹವಾಮಾನ. ನಮ್ಮ ಜಿಲ್ಲೆಗೆ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳ್ತದೆ, ಆದ್ರೂ ಏಪ್ರಿಲ್ ಬಂದ್ರೆ ಗುಡ್ಡದ ಮೇಲಿನ ಮನೆಗಳಲ್ಲಿ ಬಾವಿಯ ತಳ ಕಾಣ್ತದೆ. ಜುಲೈಯಲ್ಲಿ "ನೀರಿನ ಬಗ್ಗೆ ನಿಮಗೆ ಚಿಂತೆ ಉಂಟಾ" ಅಂತ ಕೇಳಿ ಪುನಃ ಏಪ್ರಿಲಲ್ಲಿ ಕೇಳಿದ್ರೆ ಅಂಕ ಏರಿಯೇ ಏರ್ತದೆ, ಅದನ್ನು ಏರಿಸಿದ್ದು ಬಿಸಿಲು, ನೀವಲ್ಲ. ಒಂದೋ ಎರಡು ವರ್ಷದ ಅದೇ ತಿಂಗಳು ಕೇಳಿ, ಇಲ್ಲ ಭಾಗವಹಿಸದ ಪಕ್ಕದ ಮನೆಗಳಲ್ಲೂ ಅದೇ ದಿನ ಕೇಳಿ. ಇನ್ನೊಂದು, ಮಧ್ಯ ಬಿಟ್ಟು ಹೋದವರು. ಶುರುವಿಗೆ ಎಂಬತ್ತು ಜನ, ಕೊನೆಗೆ ಐವತ್ತು ಅಂದ್ರೆ ಆ ಐವತ್ತು ಮೊದಲೇ ಆಸಕ್ತಿ ಇದ್ದವರು. ಎರಡೂ ಸಲ ಬರೆದವರನ್ನು ಮಾತ್ರ ಜೋಡಿಸಿ ನೋಡ್ಬೇಕು, ಅದಕ್ಕೆ ಹೆಸರಿಲ್ಲದ ಗುರುತು ಬೇಕು. ನಾವು "ಅಮ್ಮನ ಹೆಸರಿನ ಮೊದಲ ಅಕ್ಷರ, ನಿಮ್ಮ ಹುಟ್ಟಿದ ತಾರೀಕು" ಅಂತ ಇಟ್ಟೆವು. ಕಾಸರಗೋಡಲ್ಲಿ ಅದೂ ಸುಲಭ ಅಲ್ಲ, ಶುರುವಿಗೆ ಕನ್ನಡದಲ್ಲಿ ಅಕ್ಷರ ಬರೆದವರು ಕೊನೆಗೆ ಇಂಗ್ಲಿಷಲ್ಲಿ ಬರೆದ್ರು, ಕೆಲವರು ಮಲಯಾಳದಲ್ಲಿ. ಯಾವ ಲಿಪಿ ಅಂತ ಫಾರ್ಮಲ್ಲೇ ಹೇಳ್ಬೇಕು.

ಲಕ್ಷಣ: ಒಂದು ಪ್ರಶ್ನೆಗೆ ಮಾತ್ರ ಎಲ್ಲರೂ ಏನೇನೋ ಉತ್ತರ

ಇಲ್ಲಿಗೆ ಬಂದಾಗ ನಮ್ಮ ಊರಿನ ಪೂರ್ತಿ ಚರಿತ್ರೆ ಹೊರಗೆ ಬರ್ತದೆ. ಮನೆಯಲ್ಲಿ ತುಳು, ಇನ್ನೊಂದು ಮನೆಯಲ್ಲಿ ಹವ್ಯಕ, ಮತ್ತೊಂದರಲ್ಲಿ ಬ್ಯಾರಿ, ಕೊಂಕಣಿ, ಮರಾಠಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಫಾರ್ಮ್ ಹೆಚ್ಚಾಗಿ ಮೊದಲು ಇಂಗ್ಲಿಷಲ್ಲಿ ಹುಟ್ಟಿ, ಮಲಯಾಳಕ್ಕೆ ಹೋಗಿ, ಅಲ್ಲಿಂದ ಕನ್ನಡಕ್ಕೆ ಬರ್ತದೆ.

ನಮಗೆ ಸಿಕ್ಕಿದ ಫಾರ್ಮಲ್ಲಿ ಒಂದು ಪ್ರಶ್ನೆ: "ಪ್ರಕೃತಿಯನ್ನು ವೀಕ್ಷಿಸಲು ನಿಮಗೆ ಸಾಕಷ್ಟು ಅವಸರ ಸಿಕ್ಕಿತೇ?" ಮಲಯಾಳದಲ್ಲಿ ಅವಸರ ಅಂದ್ರೆ ಅವಕಾಶ. ಕನ್ನಡದಲ್ಲಿ ಎಂತ ಅಂತ ನಿಮಗೇ ಗೊತ್ತು. ಬದಿಯಡ್ಕ ಕಡೆಯ ಒಬ್ಬರು ಮಾಷ್ಟ್ರು "ಇಲ್ಲ, ನಿಧಾನಕ್ಕೇ ನೋಡಿದೆವು" ಅಂತ ಪಕ್ಕದಲ್ಲಿ ಬರೆದಿದ್ರು, ಅವರು ಬರೆದದ್ದು ಸರಿಯೇ. ಇನ್ನೊಂದು: "ಪರಿಸ್ಥಿತಿಯ ಬಗ್ಗೆ ನಿಮ್ಮ ಕಾಳಜಿ ಹೆಚ್ಚಿದೆಯೇ?" ಅಲ್ಲಿ ಪರಿಸ್ಥಿತಿ ಅಂದ್ರೆ ನಮ್ಮ ಪರಿಸರ. ನಮ್ಮಲ್ಲಿ ಪರಿಸ್ಥಿತಿ ಅಂದ್ರೆ ಮನೆಯ ಕಷ್ಟಸುಖ, ಒಂದಿಬ್ಬರು ಸಾಲದ ವಿಷಯ ಬರೆದಿದ್ರು ಪಾಪ. ಸರಿ, ಅದನ್ನು "ಪರಿಸರ" ಅಂತ ತಿದ್ದಿದೆವು, ಆಗ ಬೇರೆ ಸಮಸ್ಯೆ. ನಮ್ಮ ಕಡೆ ಪೇಪರಲ್ಲೂ ಮಾತಲ್ಲೂ "ಉಪ್ಪಳ ಪರಿಸರದಲ್ಲಿ ಕೊರೆಂಟಿಲ್ಲ" ಅಂದ್ರೆ ಉಪ್ಪಳದ ಆಸುಪಾಸು ಅಂತ ಅರ್ಥ. "ನಿಮ್ಮ ಪರಿಸರವನ್ನು ಈಗ ಹೆಚ್ಚು ಗಮನಿಸುತ್ತೀರಾ" ಅಂತ ಕೇಳಿದ್ರೆ ಅಂಗಳ ಗುಡಿಸಿದ್ದನ್ನು ಹೇಳಿದವರಿದ್ರು. ಕೊನೆಗೆ ಆ ಶಬ್ದವನ್ನೇ ಬಿಟ್ಟು ಗಿಡ, ಹಕ್ಕಿ, ನೀರು, ಮಣ್ಣು ಅಂತ ಹೆಸರು ಹಿಡಿದೇ ಕೇಳಿದೆವು. ಶಾಲೆಯ ಫಾರ್ಮಲ್ಲಿ "ಮತ್ಸರ"ವೂ ಇತ್ತು, ಮಲಯಾಳದಲ್ಲಿ ಅದು ಸ್ಪರ್ಧೆ. "ಮತ್ಸರದಲ್ಲಿ ಭಾಗವಹಿಸಿದ್ದೀರಾ" ಅನ್ನುವುದಕ್ಕೆ ಮಕ್ಕಳು ನಕ್ಕು ನಕ್ಕು ಹೌದು ಅಂತ ಟಿಕ್ ಹಾಕಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮ ಉಂಟು, ಇದನ್ನು ನಾವು ತಡವಾಗಿ ಕಲಿತದ್ದು. ಭಾಷಾಂತರ ಸರಿಯುಂಟಾ ನೋಡ್ಲಿಕ್ಕೆ ಮರುಭಾಷಾಂತರ ಮಾಡಿ ಅಂತ ಎಲ್ಲರೂ ಹೇಳ್ತಾರೆ, ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ಬರೆದಲ್ಲಿಂದ ಅದು ರೂಢಿ. ಅಂದ್ರೆ ಕನ್ನಡದ್ದನ್ನು ಇನ್ನೊಬ್ಬರಿಗೆ ಕೊಟ್ಟು ಪುನಃ ಮೂಲ ಭಾಷೆಗೆ ಮಾಡಿಸಿ ಹೋಲಿಸುವುದು. ನಾವೂ ಮಾಡಿಸಿದೆವು, ಪಾಸ್ ಆಯ್ತು! ಹೇಗಂದ್ರೆ ಮರುಭಾಷಾಂತರ ಮಾಡಿದವರೂ ಕಾಸರಗೋಡಿನವರೇ, ಎರಡೂ ಭಾಷೆ ಬಾಯಲ್ಲಿ ನಲಿಯುವವರು, "ಅವಸರ" ಓದಿದ ಕೂಡ್ಲೇ ಅವರ ತಲೆ ಅದನ್ನು ಮಲಯಾಳದ ಅವಸರ ಅಂತಲೇ ಹಿಡೀತು, ಎಂತ ದೋಷವೂ ಕಾಣ್ಲಿಲ್ಲ. ಎರಡು ಭಾಷೆ ಗೊತ್ತಿರುವವ ಹೊಂಡ ಇದ್ದಲ್ಲಿ ಹಾರಿ ದಾಟ್ತಾನೆ, ಹೊಂಡ ಉಂಟು ಅಂತ ಹೇಳುವುದೇ ಇಲ್ಲ. ಹಾಗಾಗಿ ಒಬ್ಬರಾದ್ರೂ ಮಲಯಾಳ ಬಾರದವರಿಗೆ ಓದಿಸಿ. ನಾವು ಪುತ್ತೂರಿನಿಂದ ನಮ್ಮೂರಿಗೆ ಮದುವೆಯಾಗಿ ಬಂದು ಆರು ತಿಂಗಳಾದ ಒಬ್ಬರಿಗೆ ಓದಿಸಿದ್ದು, ಅರ್ಧ ಗಂಟೆಯಲ್ಲಿ ಏಳು ಶಬ್ದಕ್ಕೆ ಗೆರೆ ಎಳೆದು ಕೊಟ್ರು.

ಶುದ್ಧ ಕನ್ನಡದ್ದೇ ಆದ ಇನ್ನೊಂದು ಗುಂಡಿ ಇಲ್ಲ-ಅಲ್ಲ-ದ್ದು. ಜನ ಕಣ್ಣು ಮುಚ್ಚಿ ಟಿಕ್ ಹಾಕದಿರ್ಲಿ ಅಂತ ಮಧ್ಯ ಮಧ್ಯ ಉಲ್ಟಾ ವಾಕ್ಯ ಇಡುವ ಪದ್ಧತಿ ಉಂಟು. "ವೈಜ್ಞಾನಿಕವಾಗಿ ಅಳತೆ ಮಾಡುವುದು ನನ್ನಿಂದ ಸಾಧ್ಯವಿಲ್ಲ" ಅಂತ. ಧೈರ್ಯ ಇದ್ದವರು "ಒಪ್ಪುವುದಿಲ್ಲ" ಅಂತ ಹಾಕ್ಬೇಕು. ಆದ್ರೆ ನಾವು ಮಾತಾಡುವಾಗ "ನಿನ್ನಿಂದ ಆಗುದಿಲ್ಲ ಅಲ್ವಾ" ಅಂತ ಕೇಳಿದ್ರೆ "ಇಲ್ಲ, ಆಗುದಿಲ್ಲ" ಅಂತ ಹೇಳುವವರೂ ಉಂಟು, "ಹೌದು, ಆಗುದಿಲ್ಲ" ಅಂತ ಹೇಳುವವರೂ ಉಂಟು. ಎರಡು ಇಲ್ಲ ಸೇರಿದ ಜಾಗದಲ್ಲಿ ಅರ್ಧ ಜನ ದಾರಿ ತಪ್ಪಿದ್ರು. ಪುಸ್ತಕದಲ್ಲಿ ಉಲ್ಟಾ ವಾಕ್ಯ ಒಳ್ಳೇದು ಅಂತ ಇದ್ರೂ ಕನ್ನಡದಲ್ಲಿ, ಅದರಲ್ಲೂ ಮಕ್ಕಳಿಗೆ, ಅಜ್ಜಂದಿರಿಗೆ, ನಾನಂತೂ ಬೇಡ ಅಂತ ಹೇಳುವವ. ಉಲ್ಟಾ ಬೇಕೇ ಬೇಕಾದ್ರೆ "ಅಳತೆ ಮಾಡುವುದು ನನಗೆ ಕಷ್ಟ" ಅಂತ ಬರೀರಿ, ಇಲ್ಲ ಅನ್ನುವುದು ಇಲ್ಲದ ಉಲ್ಟಾ.

ಆಯ್ಕೆಗಳನ್ನೂ ನೋಡಿ. "ನಿಮ್ಮ ಮನೆಯ ನೀರಿನ ಮೂಲ: ಬಾವಿ, ಕೊಳವೆಬಾವಿ, ನಲ್ಲಿ, ಇತರೆ". ಸುರಂಗ ಎಲ್ಲಿ? ಎಣ್ಮಕಜೆ, ಪೈವಳಿಕೆ ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ಒಳಗೆ ನಡೆದು ಹೋಗುವಷ್ಟು ಮಾಡಿ, ಒಸರುವ ನೀರನ್ನು ಪಂಪಿಲ್ಲದೆ ಅಂಗಳಕ್ಕೆ ಇಳಿಸುವ ಮನೆಗಳು ಎಷ್ಟು ಉಂಟು. ಅವರೆಲ್ಲ "ಇತರೆ" ಆಗಿಬಿಟ್ರು. ಬೇರೆ ಊರಲ್ಲಿ ಮಾಡಿದ ಪಟ್ಟಿಯನ್ನು ಹಾಗೇ ತಂದದ್ದರ ಫಲ. ಇತರೆ ಅನ್ನುವುದಕ್ಕೆ ಹತ್ತರಲ್ಲಿ ಎರಡು ಜನ ಟಿಕ್ ಹಾಕಿದ್ರೂ ಪಟ್ಟಿಯಲ್ಲಿ ಎಂತದೋ ಬಿಟ್ಟಿದೆ ಅಂತ ಲೆಕ್ಕ.

ಓದ್ಲಿಕ್ಕೆ ಆಗದ ಹಿರಿಯರಿಗೆ ತುಳುವಲ್ಲಿ ಕೇಳಿ ನಾವು ಬರ್ಕೊಳ್ತೇವೆ, ಅದು ಸರಿ, ಆದ್ರೆ ಕೇಳುವ ಮೂರು ಜನ ಮೂರು ಥರ ತುಳು ಮಾಡಿ ಕೇಳಿದ್ರೆ ಅದು ಮೂರು ಪ್ರಶ್ನೆ. ಈಗ ತುಳು ವಾಕ್ಯವನ್ನೂ ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿ ಇಟ್ಟಿದ್ದೇವೆ, ಬಾವಿ ಅಂತ ಅಲ್ಲ, ಗುವೆಲ್ ಅಂತಲೇ.

ಒಂದು ಪ್ರಶ್ನೆಯಲ್ಲಿ ಎರಡು ತುರುಕಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. "ನೀರು ಅಳೆಯಲು ಹಾಗೂ ಆಪ್‌ನಲ್ಲಿ ದಾಖಲಿಸಲು ಸುಲಭವಾಯಿತೇ?" ಅಳೆಯುವುದು ಸುಲಭ, ಆಪಿಗೆ ರೇಂಜ್ ಬೇಕಾದ್ರೆ ಗುಡ್ಡ ಹತ್ಬೇಕು. "ಹಾಗೂ", "ಮತ್ತು" ಇದ್ದಲ್ಲೆಲ್ಲ ಕೆಂಪು ಪೆನ್ನು ಹಿಡೀರಿ, ಸಾಕು.

ಲಕ್ಷಣ: ಒಂದೇ ಕಂಬದಲ್ಲಿ ನೆಟ್ಟಗೆ ಟಿಕ್ಕು, ಇಲ್ಲ ಕಡೆಯದ್ದೆಲ್ಲ ಖಾಲಿ

ಫೋನಲ್ಲಿ ತುಂಬಿಸಿದ್ದಾ, ಕಾಗದದಲ್ಲಾ ಅಂತ ಮೊದಲು ಬೇರೆ ಮಾಡಿ. ಫೋನಿನದ್ದು ಮಾತ್ರ ಹೀಗಿದ್ರೆ ಕಾರಣ ಚೌಕುಳಿ ಪ್ರಶ್ನೆ. ಗೂಗಲ್ ಫಾರ್ಮಲ್ಲಿ ಎಡಕ್ಕೆ ವಾಕ್ಯ, ಮೇಲೆ ಐದು ಕಂಬ ಇಟ್ರೆ ಲ್ಯಾಪ್‌ಟಾಪಲ್ಲಿ ಚಂದ ಕಾಣ್ತದೆ, ಸಣ್ಣ ಫೋನಲ್ಲಿ ಬಲಗಡೆಯ ಕಂಬ ಹೊರಗೆ ಹೋಗಿರ್ತದೆ, ಬೆರಳಲ್ಲಿ ಸರಿಸ್ಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ, ಕಾಣುವ ಮೂರರಲ್ಲಿ ಒಂದಕ್ಕೆ ಒತ್ತಿ ಮುಂದೆ ಹೋಗ್ತಾರೆ. ನಮ್ಮಲ್ಲಿ "ಐದು" ಕೊಟ್ಟವರೆಲ್ಲ ಕಾಗದದವರು, "ಮೂರು" ಕೊಟ್ಟವರೆಲ್ಲ ಫೋನಿನವರು ಅಂತ ಗೊತ್ತಾದಾಗ ತಲೆ ಚಚ್ಚಿಕೊಂಡೆವು. ಒಂದೊಂದೇ ಪ್ರಶ್ನೆ, ಆಯ್ಕೆ ಮೇಲಿಂದ ಕೆಳಗೆ. ಕಳಿಸುವ ಮೊದಲು ಮನೆಯಲ್ಲಿರುವ ಅತಿ ಹಳೇ ಫೋನಲ್ಲಿ ತೆರೆದು ನೋಡಿ.

ಮಕ್ಕಳ ಫಾರ್ಮಲ್ಲಿ ಉಲ್ಟಾ ಅಂಕ ಬಂದ್ರೆ, ಉದಾಹರಣೆಗೆ ಬಾಯಲ್ಲಿ ಭಾರೀ ಹೊಗಳಿ ಕಾಗದದಲ್ಲಿ 1 ಕೊಟ್ರೆ, ಅವರಿಗೆ ಒಂದು ಅಂದ್ರೆ ಫಸ್ಟ್ ಪ್ರೈಜ್. ಶಾಲೆಯಲ್ಲಿ ಕಲಿಸಿದ್ದೇ ಅದು. ಅಂಕೆ ತೆಗೆದು "ಸ್ವಲ್ಪವೂ ಇಲ್ಲ" ದಿಂದ "ತುಂಬಾ" ದವರೆಗೆ ಶಬ್ದದಲ್ಲಿ ಹಾಕಿ.

ಉದ್ದ ಮಾಡ್ಬೇಡಿ. ನಮ್ಮದ್ದು 34 ಪ್ರಶ್ನೆ ಇತ್ತು, ಈಗ 9. ಬಸ್ಸಿಗೆ ಹೊತ್ತಾಯ್ತು ಅನ್ನುವವನ ಕೈಗೆ ನಾಲ್ಕು ಪುಟ ಕೊಟ್ರೆ ಅವ ಗೆರೆ ಎಳೆಯದೆ ಎಂತ ಮಾಡ್ತಾನೆ.

ಬರೆದದ್ದು ಯಾರು?

ಇದು ಎಕ್ಸೆಲ್ಲಲ್ಲಿ ಕಾಣುವುದೇ ಇಲ್ಲ, ಕಾಗದ ಹರಡಿ ಕೈಬರಹ ನೋಡ್ಬೇಕು. ನಮ್ಮಲ್ಲಿ ಬೆಳಿಗ್ಗೆ ಬಾವಿಗೆ ಹಗ್ಗ ಇಳಿಸುವವರು ಹೆಚ್ಚಾಗಿ ಮನೆಯ ಹೆಂಗಸರು, ಮೀಟಿಂಗಿಗೆ ಬಂದು ಫಾರ್ಮ್ ತುಂಬಿಸಿದ್ದು ಗಂಡಸರು. "ನಿಮ್ಮ ಅನುಭವ" ಅಂತ ಕೇಳಿದ್ದಕ್ಕೆ ಹಗ್ಗ ಮುಟ್ಟದವರ ಅನುಭವ ಬಂದಿದೆ. ಈಗ ಅಳತೆ ಪುಸ್ತಕದಲ್ಲಿ ಅಳೆದವರ ಹೆಸರಿನ ಕಂಬ ಉಂಟು, ಫಾರ್ಮ್ ಅವರ ಕೈಗೇ ಹೋಗ್ಬೇಕು. ಕುಟುಂಬಶ್ರೀ (ಕೇರಳದ ಹೆಂಗಸರ ಸ್ವಸಹಾಯ ಗುಂಪು) ಸಭೆಯಲ್ಲಿ ಹಂಚಿದ್ರೆ ಎಲ್ಲ ಹೆಂಗಸರೂ ಸಿಗ್ತಾರೆ, ನಿಜ, ಆದ್ರೆ ಒಬ್ಬರು ಜೋರಾಗಿ ಓದಿ ಎಲ್ಲರೂ ಒಟ್ಟಿಗೆ ಒಂದೇ ಉತ್ತರ ಹಾಕುವ ಅಂದಾಜು ಇಟ್ಕೊಳ್ಳಿ.

ಫಾರ್ಮ್ ವಾಪಸ್ ಕೊಡದವರ ಬಗ್ಗೆಯೂ ಯೋಚಿಸ್ಬೇಕು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಒಂದು ಕೋಟಿ ಕಾರ್ಡ್ ಕಳಿಸಿ ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಉತ್ತರ ಪಡೆದೂ ಅಧ್ಯಕ್ಷರ ಚುನಾವಣೆಯ ಭವಿಷ್ಯ ಪೂರ್ತಿ ತಪ್ಪು ಹೇಳಿತು. ಉತ್ತರ ಎಷ್ಟು ಬಂತು ಅನ್ನುವುದಕ್ಕಿಂತ ಯಾರದ್ದು ಬರ್ಲಿಲ್ಲ ಅನ್ನುವುದು ದೊಡ್ಡದು. ನಮ್ಮ ಎಣ್ಮಕಜೆ, ಪಡ್ರೆ ಕಡೆ ಇದಕ್ಕೆ ಬೇರೆಯೇ ಭಾರ ಉಂಟು. ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆದು ಜನರ ಆರೋಗ್ಯ ಕೆಟ್ಟ ಊರು ಅದು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪರೀಕ್ಷೆ ಮಾಡಿದ್ದಲ್ಲಿಂದ ಶುರುವಾಗಿ ಸರ್ವೆ, ಕ್ಯಾಂಪು, ಪೀಡಿತರ ಪಟ್ಟಿ ಎಷ್ಟಾಯ್ತೋ. ಅಲ್ಲಿ ಫಾರ್ಮ್ ಹಿಡಿದು ಹೋದ್ರೆ ಮೊದಲ ಪ್ರಶ್ನೆ ಅವರದ್ದು: "ಇದು ಲಿಸ್ಟಿಗೆ ಸೇರಿಸ್ಲಿಕ್ಕಾ?" ಹೌದು ಅಂತ ಭಾವಿಸಿದವರು ಕಷ್ಟ ಹೆಚ್ಚು ಹೇಳ್ತಾರೆ, ಅಲ್ಲ ಅಂತ ಗೊತ್ತಾದವರು ಬಾಗಿಲು ಹಾಕ್ತಾರೆ, ಅವರ ಮೇಲೆ ಸಿಟ್ಟು ಮಾಡುವ ಹಕ್ಕು ನಮಗಿಲ್ಲ. ನಾವು ಈಗ ಮಾಡುವುದು ಇಷ್ಟೇ, ಹೋದ ವರ್ಷದ ಅವರದ್ದೇ ಬಾವಿಯ ನೀರಿನ ಗೆರೆಚಿತ್ರ ಮೊದಲು ಕೈಗೆ ಕೊಟ್ಟು, ಇದಕ್ಕೂ ಯಾವ ಪಟ್ಟಿಗೂ ಸಂಬಂಧ ಇಲ್ಲ ಅಂತ ಬಾಯಿಬಿಟ್ಟು ಹೇಳಿ, ಆಮೇಲೆ ಕೇಳುವುದು.

ಬಿಚ್ಚಿ ನೋಡುವ ಕ್ರಮ

ಇಷ್ಟೆಲ್ಲ ದೋಷ ಹಿಡಿದದ್ದು ಹೇಗೆ ಅಂದ್ರೆ ಐದಾರು ಜನರ ಜೊತೆ ಜಗಲಿಯಲ್ಲಿ ಕೂತು. ಸರ್ವೆ ಪಂಡಿತರು ಹೇಳುವ ಪ್ರಕಾರ ಉತ್ತರ ಕೊಡುವಾಗ ತಲೆಯಲ್ಲಿ ನಾಲ್ಕು ಕೆಲಸ ನಡೀತದೆ: ಪ್ರಶ್ನೆ ಅರ್ಥ ಮಾಡ್ಕೊಳ್ಳುವುದು, ನೆನಪು ತೆಗೆಯುವುದು, ತೂಗಿ ನೋಡುವುದು, ಕೊಟ್ಟ ಆಯ್ಕೆಗೆ ಕೂರಿಸುವುದು. ಯಾವ ಹಂತದಲ್ಲಿ ಕಡಿಯಿತು ಅಂತ ಹುಡುಕ್ಬೇಕು. ಉತ್ತರ ಬರೆಸಿ, ಆಮೇಲೆ ಮೂರೇ ಕೇಳಿ: ಈ ಪ್ರಶ್ನೆಯನ್ನು ನಿಮ್ಮ ಮಾತಲ್ಲಿ ಹೇಳಿ ನೋಡುವ, ಯಾವ ದಿನವನ್ನು ನೆನೆಸಿ ಉತ್ತರ ಕೊಟ್ಟದ್ದು, ನಿಮಗೆ ಹೇಳ್ಬೇಕಿದ್ದದ್ದು ಈ ಆಯ್ಕೆಗಳಲ್ಲಿ ಇತ್ತಾ.

ಒಂದು ಸಲ ಹೀಗಾಯ್ತು.

"ಅಕ್ಕ, ಇಲ್ಲಿ 'ಕೆಲವೊಮ್ಮೆ' ಅಂತ ಹಾಕಿದ್ದೀರಲ್ಲ, ಎಷ್ಟು ದಿನಕ್ಕೊಮ್ಮೆ ಅಳೀತಿದ್ರಿ?"

"ಪ್ರತಿ ಆದಿತ್ಯವಾರ."

"ಒಂದೂ ತಪ್ಪಲಿಲ್ವಾ?"

"ಇಲ್ಲಪ್ಪ. ಅದಕ್ಕೇ ಕೆಲವೊಮ್ಮೆ. ಯಾವಾಗ್ಲೂ ಅಂದ್ರೆ ದಿನಾ ಅಂತ ಅಲ್ವಾ?"

ವಾರಕ್ಕೊಮ್ಮೆ ಅಳೆಯಿರಿ ಅಂತ ಹೇಳಿದ್ದು ನಾವು, ಒಂದು ವಾರವೂ ತಪ್ಪಿಸದವರು ಅವರು, ನಮ್ಮ ಲೆಕ್ಕದಲ್ಲಿ ಅರೆಮನಸ್ಸಿನವರು.

ಕೇಳುವಾಗ ತಿದ್ದಬೇಡಿ, ಅರ್ಥ ಹೇಳಿ ಕೊಡ್ಬೇಡಿ, ಬಾಯಿ ಕಟ್ಟಿ ಕೂರ್ಬೇಕು, ನನಗೆ ಅದೇ ಅತಿ ಕಷ್ಟ. ಒಂದು ಸಲಕ್ಕೆ ಒಂದೇ ರಿಪೇರಿ. ವಾಕ್ಯವನ್ನೂ ಆಯ್ಕೆಯನ್ನೂ ಹಂಚುವ ಮನುಷ್ಯನನ್ನೂ ಒಟ್ಟಿಗೆ ಬದಲಿಸಿದ್ರೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗುವುದಿಲ್ಲ, ನಾವು ಮೊದಲ ರಿಪೇರಿಯಲ್ಲೇ ಈ ತಪ್ಪು ಮಾಡಿದ್ದು. ಪ್ರತಿ ತಿದ್ದುಪಡಿಗೆ ಫಾರ್ಮಿನ ಮೂಲೆಯಲ್ಲಿ ನಂಬರ್ ಹಾಕಿ, ಮತ್ತೆ ವರ್ಷದ ಮಧ್ಯ ಮುಟ್ಟಬೇಡಿ.

ಎಕ್ಸೆಲ್ಲಿನ ಒಳಗೆ

ಒಂದೇ ಗುಂಪಿನ ಪ್ರಶ್ನೆಗಳು ಒಂದಕ್ಕೊಂದು ಹೊಂದ್ತವಾ ಅಂತ ನೋಡ್ಲಿಕ್ಕೆ ಕ್ರಾನ್‌ಬಾಕ್ ಆಲ್ಫಾ ಅಂತ ಒಂದು ಸಂಖ್ಯೆ ತೆಗೀತಾರೆ, 1951ರದ್ದು, 0.7ಕ್ಕಿಂತ ಮೇಲಿದ್ರೆ ಪರವಾಗಿಲ್ಲ ಅಂತ ಸಾಮಾನ್ಯ ಲೆಕ್ಕ. ಅದು ಮೈನಸ್ ಬಂದ್ರೆ ಗಾಬರಿ ಬೇಡ, ಹೆಚ್ಚಾಗಿ ಉಲ್ಟಾ ವಾಕ್ಯದ ಅಂಕವನ್ನು ತಿರುಗಿಸ್ಲಿಕ್ಕೆ ಮರೆತಿರ್ತೀರಿ, ಐದನ್ನು ಒಂದು ಮಾಡಿ ನೋಡಿ. 0.95 ಬಂದ್ರೆ ಕುಣೀಬೇಡಿ, ಒಂದೇ ಪ್ರಶ್ನೆಯನ್ನು ನಾಲ್ಕು ಥರ ಕೇಳಿದ್ದೀರಿ ಅಂತಲೂ ಆಗ್ಬಹುದು. ಹತ್ತಿಪ್ಪತ್ತು ಜನರಿಗೆಲ್ಲ ಈ ಸಂಖ್ಯೆ ಹಿಡ್ಕೊಂಡು ವಾದ ಮಾಡುವುದೂ ದಂಡ. ಖಾಲಿ ಬಿಟ್ಟದ್ದನ್ನು ಸೊನ್ನೆ ಅಂತ ತುಂಬಿಸಿದ್ದಾರಾ ಅಂತ ಮಾತ್ರ ತಪ್ಪದೆ ನೋಡಿ, ನಮ್ಮಲ್ಲಿ ತುಂಬಿಸಿದ್ರು.

ಈಗಿನ ಒಂಬತ್ತು ಪ್ರಶ್ನೆಯಲ್ಲಿ ಎಂಟು ಓಡ್ತಾ ಉಂಟು. ಆರನೇದ್ದು ಇನ್ನೂ ಸರಿಯಾಗ್ಲಿಲ್ಲ. "ನೀವು ಮಾಡಿದ ಕೆಲಸ ವಿಜ್ಞಾನ ಅಂತ ನಿಮಗೆ ಅನಿಸ್ತದಾ?" ಮಕ್ಕಳಿಗೆ ವಿಜ್ಞಾನ ಅಂದ್ರೆ ಪರೀಕ್ಷೆ ಇರುವ ಪಾಠ, ಪರೀಕ್ಷೆ ಇಲ್ಲದ್ದರಿಂದ ಅಲ್ಲ ಅಂತ ಹಾಕ್ತಾರೆ. ನಾಗರಿಕ ವಿಜ್ಞಾನ ಅಂದ್ರೆ "ಅದು ಸೋಶಿಯಲ್ ಅಲ್ವಾ ಟೀಚರ್" ಅಂತ ಒಬ್ಬ ಹುಡುಗ. ಹಿರಿಯರಲ್ಲಿ ಒಬ್ಬರು ಎರಡೂ ಆಯ್ಕೆ ಬಿಟ್ಟು ನನ್ನ ಮುಖ ನೋಡಿ ಹೇಳಿದ್ದು: "ನಾನು ಹಗ್ಗ ಇಳಿಸಿದ್ದು. ವಿಜ್ಞಾನ ಎಂತದ್ದೋ ಮಾಡಿದ್ದು ನೀವಲ್ವಾ?" ಇದು ಪ್ರಶ್ನೆಯ ದೋಷವೋ ಕಾರ್ಯಕ್ರಮದ್ದೇ ದೋಷವೋ ಅಂತ ನಮ್ಮೊಳಗೆ ಎರಡು ಪಾರ್ಟಿ ಆಗಿದೆ. ಅಳೆದ ಸಂಖ್ಯೆಯಿಂದ ಎಂತ ಕಂಡಿತು ಅಂತ ನಾವು ಅವರ ಹತ್ತಿರ ಕೂತು ಮಾತಾಡಿಯೇ ಇರ್ಲಿಲ್ಲ, ತಗೊಂಡು ಬಂದದ್ದು ಮಾತ್ರ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಹೊತ್ತಿಗೆ) ಗೆರೆಚಿತ್ರ ಹಿಡ್ಕೊಂಡು ಪುನಃ ಐದು ಮನೆಗೆ ಹೋಗುವುದುಂಟು, ಪ್ರಶ್ನೆಯನ್ನು ಒಂದು ಅಕ್ಷರವೂ ಮುಟ್ಟದೆ ಹಾಗೇ ಕೇಳುವುದು ಅಂತ ಮಾಡಿದ್ದೇವೆ.